ಎರಡು ಬೆಲ್ ಆದ ಮೇಲೆ ಇಳಿದ ಕಾರು

ಗಾಳಿಯ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ. ಐದು ವರ್ಷ ಚಿನ್ನದ ಗಣಿಯ ಕಂಪ್ರೆಸರ್ ಮನೆಯಲ್ಲಿ ದುಡಿದವನು ನಾನು. ನೆಲದ ಕೆಳಗೆ ಕಲ್ಲು ಕೊರೆಯುವ ಯಂತ್ರಗಳೆಲ್ಲ ನಾವು ಮೇಲಿನಿಂದ ಪೈಪಿನಲ್ಲಿ ಕಳಿಸುತ್ತಿದ್ದ ಗಾಳಿಯಿಂದಲೇ ಓಡುತ್ತಿದ್ದವು. ಪೈಪು ಎಲ್ಲಿ ಸೋರುತ್ತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಮೇಸ್ತ್ರಿಯ ಜೊತೆ ಜಗಳವಾಡಿ ಆ ಕೆಲಸ ಬಿಟ್ಟೆ. ತಪ್ಪು ಅವನದೇ, ಇವತ್ತಿಗೂ ಅವನದೇ. ಆಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಮೆಕ್ಯಾನಿಕ್ ಆದೆ.

ತೊಂಬತ್ತರ ದಶಕದ ಶುರುವಿನಲ್ಲಿ ಉರಿಗಾಂನ ಡಾಕ್ಟರಮ್ಮ ತಮ್ಮ ಕಾರನ್ನು ನನ್ನ ಶೆಡ್ಡಿಗೆ ತಂದರು. ಹಸಿರು ಬಣ್ಣದ, ತಲೆಯ ಮೇಲೆ ಚಾವಣಿ ಇಲ್ಲದ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು. ಗಣಿಯ ದೊರೆಯೊಬ್ಬ ಸೀಮೆಗೆ ಹೊರಟಾಗ ಅವರ ತಂದೆಗೆ ಮಾರಿ ಹೋಗಿದ್ದನಂತೆ. ನಮ್ಮ ರಸ್ತೆಗೆ ಹೊಟ್ಟೆ ತಾಗುತ್ತದೆ ಎಂದು ಯಾರೋ ಪುಣ್ಯಾತ್ಮ ಅದಕ್ಕೆ ದಪ್ಪ ಸ್ಪ್ರಿಂಗು ಹಾಕಿ ಎತ್ತರಿಸಿಬಿಟ್ಟಿದ್ದ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಾಟಿಗೆ ಇಳಿದವಳ ಹಾಗೆ ನಿಂತಿತ್ತು ಪಾಪದ ಕಾರು.

"ಇದು ನಮ್ಮಪ್ಪ ಓಡಿಸ್ತಿದ್ದಾಗ ನೆಲಕ್ಕೆ ಅಂಟಿಕೊಂಡು ಹೋಗ್ತಿತ್ತು. ಹಾಗೇ ಮಾಡಿಕೊಡಪ್ಪ. ಆದರೆ ಬಂಗಾರಪೇಟೆ ರೈಲ್ವೆ ಗೇಟ್ ದಾಟುವಾಗ ತಳ ಉಜ್ಜಬಾರದು" ಎಂದರು ಡಾಕ್ಟರಮ್ಮ.

ತಗ್ಗಿಯೂ ಇರಬೇಕು, ಎತ್ತರವಾಗಿಯೂ ಇರಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೂ ಪ್ರೀತಿ ಎನ್ನುವ ಹಾಗೆ. ಬೇರೆ ಯಾರಾಗಿದ್ದರೂ ಕೈ ಮುಗಿದು ಕಳಿಸುತ್ತಿದ್ದರು. ನನಗೆ ಮಾತ್ರ ಆ ಕ್ಷಣವೇ ಹೊಳೆಯಿತು. ಸ್ಪ್ರಿಂಗು ತೆಗೆದು ಆ ಜಾಗದಲ್ಲಿ ರಬ್ಬರಿನ ಗಾಳಿಚೀಲ ಕೂರಿಸುವುದು. ಗಾಳಿ ತುಂಬಿದರೆ ಕಾರು ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. "ಒಂದು ತಿಂಗಳು ಕೊಡಿ" ಎಂದೆ.

ಅದೇ ವಾರ ಅಕ್ಕ ಬಂದಳು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದಳು. ಭಾವ ಇಲ್ಲಿನದೇ ಮೈಸೂರು ಮೈನ್ಸ್ ಎಂಬ ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದರು. ಅಂದರೆ ಆಳುಗಳನ್ನು ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಗಣಿಯೊಳಗೆ ಇಳಿಸುವ, ಹತ್ತಿಸುವ ಎಂಜಿನ್ ನಡೆಸುವವರು. ಅವರ ಗಣಿಬಾವಿ ಮುಚ್ಚಿ, ವಯಸ್ಸಿಗೆ ಮುಂಚೆಯೇ ಮನೆಗೆ ಕಳಿಸಿದ್ದರು.

"ಬೆಳಗಿಂದ ಬೈಗಿನ ತನಕ ಜಗುಲಿ ಮೇಲೆ ಕುಂತಿರ್ತಾರೆ. ಕರೆದ್ರೆ ಓಗೊಡಲ್ಲ. ಇಂಗೇ ಬಿಟ್ರೆ ಮನುಷ್ಯ ಉಳಿಯಲ್ಲ ಕಣಪ್ಪ. ನಿನ್ ಶೆಡ್ಡಲ್ಲಿ ಒಂದ್ ಕೆಲ್ಸ ಕೊಡು" ಎಂದಳು ಅಕ್ಕ.

ಅಕ್ಕನ ಮಾತು ತೆಗೆದುಹಾಕುವ ಧೈರ್ಯ ನನಗಿಲ್ಲ. ಡಾಕ್ಟರಮ್ಮನ ಕಾರು ಮುಗಿಯುವ ತನಕ ಇರಲಿ, ಆಮೇಲೆ ನೋಡೋಣ ಎಂದೆ. ಆಮೇಲೆ ನೋಡುವುದಕ್ಕೆ ಏನೂ ಇರಲಿಲ್ಲ. ಕಾರು ಮುಗಿದ ದಿನ ಕಳಿಸಿಬಿಡುವುದೆಂದು ಅವತ್ತೇ ತೀರ್ಮಾನ ಮಾಡಿದ್ದೆ.

ಗಾಳಿಚೀಲಗಳು ಬೆಂಗಳೂರಿನ ಗುಜರಿಯಲ್ಲಿ ಸಿಕ್ಕವು, ಯಾವುದೋ ಕಾರ್ಖಾನೆಯ ಯಂತ್ರದಿಂದ ಬಿಚ್ಚಿದವು. ಲಾರಿ ಬ್ರೇಕಿನ ಗಾಳಿ ಟ್ಯಾಂಕೊಂದನ್ನು ಡಿಕ್ಕಿಯಲ್ಲಿ ಕೂರಿಸಿದೆ. ಟ್ಯಾಂಕಿನಿಂದ ಒಂದೇ ಪೈಪು ಎಳೆದು ನಾಲ್ಕೂ ಚೀಲಕ್ಕೆ ಕವಲು ಕೊಟ್ಟೆವು. ಗಣಿಯಲ್ಲಿ ಹಾಗೇ ಮಾಡುತ್ತಿದ್ದದ್ದು. ಒಂದು ದೊಡ್ಡ ಪೈಪು, ಅದಕ್ಕೆ ಬೇಕಾದಷ್ಟು ಕವಲು. ಭಾವನೂ ಸರಿ ಎಂದರು, ನಾನೂ ಸರಿ ಎಂದೆ. ಕಾರನ್ನು ಮೊದಲ ಸಲ ಒಂದು ಸುತ್ತು ಓಡಿಸಿಕೊಂಡು ಹೋದೆ. ಬಂಗಾರಪೇಟೆ ರಸ್ತೆಯ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿಯೆಲ್ಲ ಇನ್ನೊಂದು ಕಡೆಗೆ ಓಡಿಹೋಗಿ, ಕಾರು ಕೆಸರಲ್ಲಿ ಎಮ್ಮೆ ಮಗ್ಗುಲಾಗುವ ಹಾಗೆ ವಾಲಿತು. ಬಂಡೆ ಕೊರೆಯುವ ಯಂತ್ರಕ್ಕೆ ತಿರುವು ಎಲ್ಲಿಂದ ಬರಬೇಕು? ಗಣಿಯವರಲ್ಲದೆ ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ವಾಪಸ್ಸು ಬಂದು ಎಲ್ಲ ಕಿತ್ತು, ಚಕ್ರಕ್ಕೊಂದು ಪೈಪು, ಪೈಪಿಗೊಂದು ಹಿತ್ತಾಳೆ ನಲ್ಲಿ ಇಟ್ಟೆ.

ನಾಲ್ಕು ನಲ್ಲಿಗಳನ್ನು ಒಂದು ಹಲಗೆಗೆ ಬಿಗಿದು ಕಾರಿನ ಮುಂದೆ ಇಟ್ಟುಕೊಂಡು ಭಾವ ಸ್ಟೂಲಿನ ಮೇಲೆ ಕೂತರು. ಪರೀಕ್ಷೆ ಮುಗಿಯುವ ತನಕ ಅವರ ಕೆಲಸ ಅದೇ, ನಾನು ಹೇಳಿದಾಗ ತಿರುಗಿಸುವುದು. ಮೊದಲ ದಿನವೇ ರಗಳೆ ಶುರುವಾಯಿತು. "ಇಳುಸಿ ಭಾವ" ಎಂದರೆ ಕೈ ಆಡಿಸಲೇ ಇಲ್ಲ.

"ಬೆಲ್ ಎಲ್ಲಿ?" ಎಂದರು.

"ಯಾವ ಬೆಲ್?"

"ಬೆಲ್ ಇಲ್ದೆ ಇಳ್ಸೋದು ಎಂಗೆ ಕಣ್ಲಾ? ಎರಡು ಆದ್ರೆ ಇಳ್ಸೋದು. ಒಂದು ಆದ್ರೆ ನಿಲ್ಸೋದು."

ಗಣಿಯಲ್ಲಿ ಅದು ಕಾನೂನು. ಕೆಳಗಿರುವವನು ಬೆಲ್ ಹೊಡೆಯಬೇಕು, ಮೇಲಿರುವವನು ಅದನ್ನು ಕೇಳಿ ಎಂಜಿನ್ ಆಡಿಸಬೇಕು. ಸೂಪರಿಂಟೆಂಡೆಂಟ್ ಪಕ್ಕದಲ್ಲಿ ನಿಂತು ಬಾಯಿ ಬಡಿದುಕೊಂಡರೂ ಬೆಲ್ ಆಗದೆ ಕೇಜು ಅಲುಗುವುದಿಲ್ಲ. ಆದರೆ ಇದು ಗಣಿಯಲ್ಲ, ನನ್ನ ಶೆಡ್. ಇಳಿಯಬೇಕಾದದ್ದು ಸಾವಿರಾರು ಅಡಿಯಲ್ಲ, ಒಂದು ಗೇಣು. ಚೆನ್ನಾಗಿಯೇ ರೇಗಿದೆ. ಅವರು ಮಾರನೇ ದಿನ ಹಳೇ ಸೈಕಲ್ ಬೆಲ್ ಒಂದನ್ನು ತಂದು ಕಾರಿನ ಹಿಂದೆ ಇದ್ದ ಶೆಡ್ಡಿನ ಕಂಬಕ್ಕೆ ಬಿಗಿದರು. ಬೀದಿಯವರೆಲ್ಲ ನಕ್ಕರು. ಹೇಗೂ ಇನ್ನೊಂದು ವಾರ ತಾನೇ ಎಂದು ಟಿಣ್ ಟಿಣ್ ಎನ್ನಿಸುತ್ತಾ ಕೆಲಸ ಮಾಡಿದೆ.

ಕೊನೆಯ ದಿನ ಒಂದೇ ಪರೀಕ್ಷೆ ಉಳಿದಿತ್ತು. ಕಾರು ಪೂರ್ತಿ ಇಳಿದಾಗ ಟೈರು ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ತಿಳಿಯಬೇಕು. ಅದಕ್ಕೆ ನಾನು ಟೈರಿನ ನೆತ್ತಿಯ ಮೇಲೆ ಹಸಿ ಜೇಡಿಮಣ್ಣು ಮೆತ್ತುತ್ತಿದ್ದೆ. ಕಾರು ಇಳಿಸಿ ಎತ್ತಿದರೆ ಮಣ್ಣು ಎಷ್ಟು ತೆಳ್ಳಗಾಗಿದೆಯೋ ಅಷ್ಟೇ ಸಂದು ಇದೆ ಎಂದು ಲೆಕ್ಕ. ಹಿಂದಿನ ಎಡಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಲಗೈಯನ್ನು ಮೊಣಕೈ ತನಕ ಒಳಗೆ ತೂರಿಸಿ ಮಣ್ಣು ಒತ್ತುತ್ತಿದ್ದೆ. ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಅವರಾಗಲಿ ಭಾವನಾಗಲಿ ನಿಂತ ಕಡೆಯಿಂದ ನಾನು ಕಾಣುತ್ತಿರಲಿಲ್ಲ.

"ಮುಗೀತಂತಲ್ಲ. ಎಲ್ಲಿ, ಇಳಿಸಿ ತೋರಿಸಪ್ಪ" ಎಂದರು.

"ಬೆಲ್ ಆಗಿಲ್ಲಮ್ಮ" ಎಂದರು ಭಾವ.

"ನಾನೇ ಹೇಳ್ತಿದ್ದೀನಲ್ಲ?"

"ನೀವೇಳಿದ್ರೂ ಬೆಲ್ ಆಗ್ಬೇಕಮ್ಮ."

ನನಗೆ ನೆತ್ತಿಗೇರಿತು. ಗಿರಾಕಿಯ ಮುಂದೆ ಮಾನ ಹೋಯಿತು ಅನ್ನಿಸಿತು. ಕೂತಲ್ಲಿಂದಲೇ ಕಿರುಚಿದೆ: "ಇಳುಸಿ ಭಾವ! ಸಾಕು ನಿಮ್ ಬೆಲ್ಲು. ನಾನೇ ಹೇಳ್ತಿದೀನಿ, ಇಳುಸಿ!"

ಕಾರು ಅಲುಗಲಿಲ್ಲ.

ಬೈದುಕೊಳ್ಳುತ್ತಾ ಬೆಲ್ ಹೊಡೆಯಲು ಹೋದೆ. ಹೊಡೆಯಬೇಕೆಂದರೆ ಬಲಗೈ ಬೇಕು. ಬಲಗೈ ಎಲ್ಲಿದೆ ಎಂದು ನೋಡಿಕೊಂಡದ್ದು ಆಗಲೇ. ಟೈರಿಗೂ ಮಡ್‌ಗಾರ್ಡಿನ ತಗಡಿಗೂ ನಡುವೆ, ಮಣ್ಣಿನ ಮೇಲೆ, ಬೆರಳು ಚಾಚಿಕೊಂಡು ಇತ್ತು.

ಮೆಲ್ಲಗೆ ಹೊರಗೆ ತೆಗೆದೆ. ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಎದ್ದು ನಿಂತು ಎರಡು ಬೆಲ್ ಹೊಡೆದೆ. ಎರಡನೆಯದರ ಸದ್ದು ಆರುವ ಮೊದಲೇ ನಲ್ಲಿಗಳು ತಿರುಗಿದವು. ಕಾರು ಉಸಿರು ಬಿಟ್ಟು, ನಾಲ್ಕೂ ಕಡೆ ಒಂದೇ ಸಮನಾಗಿ ನೆಲಕ್ಕೆ ಇಳಿಯಿತು.

ಮತ್ತೆ ಎತ್ತಿಸಿ ಮಣ್ಣನ್ನು ಬಿಡಿಸಿ ತಂದೆ. ರಾಗಿ ರೊಟ್ಟಿಗಿಂತ ತೆಳ್ಳಗಾಗಿತ್ತು. ನನ್ನ ನಾಲ್ಕು ಬೆರಳು ಒತ್ತಿದ ಗುರುತು ಚಪ್ಪಟೆಯಾಗಿ ಇನ್ನೂ ಉಳಿದಿತ್ತು. ಡಾಕ್ಟರಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಗಣಿಯವರ ಜಜ್ಜಿದ ಬೆರಳುಗಳನ್ನು ಎಷ್ಟೋ ವರ್ಷ ಹೊಲಿದವರು. ಭಾವನ ಹತ್ತಿರ ಹೋಗಿ, "ನಾನು ಹಾಗೆ ಹೇಳಬಾರದಿತ್ತು" ಎಂದರು.

ಕಾರಿನ ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ. ನಲ್ಲಿಗಳನ್ನು ಹಲಗೆಯಿಂದ ಬಿಚ್ಚಿ ಸ್ಟಿಯರಿಂಗ್ ಪಕ್ಕಕ್ಕೆ ಬಿಗಿದು, ಅವತ್ತೇ ನಾನೂ ಡಾಕ್ಟರಮ್ಮನೂ ರೈಲ್ವೆ ಗೇಟಿನ ತನಕ ಹೋದೆವು. ಹಳಿಯ ಹತ್ತಿರ ಅವರೇ ಕಾರು ಎತ್ತಿದರು, ದಾಟಿದ ಮೇಲೆ ಇಳಿಸಿದರು, ತಳ ಎಲ್ಲೂ ಉಜ್ಜಲಿಲ್ಲ. ಅಂಥ ಕೆಲಸ ಆ ಕಾಲದಲ್ಲಿ ನಮ್ಮ ಕಡೆ ಇನ್ನೊಬ್ಬ ಮಾಡಿದ್ದರೆ ಕರೆದುಕೊಂಡು ಬನ್ನಿ.

ವಾಪಸ್ಸು ಬಂದಾಗ ಭಾವ ಶೆಡ್ಡಿನಲ್ಲಿ ಬರೀ ಹಲಗೆ ಒರೆಸುತ್ತಿದ್ದರು. "ನನ್ ಕೈ ಒಳಗೈತೆ ಅಂತ ನಿಮಗೆಂಗೆ ಗೊತ್ತಾಯ್ತು?" ಎಂದು ಕೇಳಿದೆ.

"ಗೊತ್ತಿರ್ಲಿಲ್ಲ" ಎಂದರು. "ಇಪ್ಪತ್ತೆಂಟು ವರ್ಸ ಜನಾನ ಇಳ್ಸಿದೀನಿ. ಒಬ್ರನ್ನೂ ಕಣ್ಣಲ್ಲಿ ನೋಡಿದೋನಲ್ಲ. ಬೆಲ್ ಕೇಳಿದೀನಿ, ಅಷ್ಟೆ."

ಸಂಜೆ ಅಕ್ಕನ ಹಳ್ಳಿಗೆ ಹೋದೆ. ಹಸುವಿನ ಪಕ್ಕ ಕೂತು ಹಾಲು ಕರೆಯುತ್ತಿದ್ದಳು.

"ಕಾರು ಮುಗೀತಂತೆ" ಎಂದಳು, ತಲೆ ಎತ್ತದೆ.

"ಮುಗೀತು."

"ಅಂಗಾದ್ರೆ ಇವ್ರು?" ಕರೆಯುವುದನ್ನು ನಿಲ್ಲಿಸಿದ್ದಳು.

ಬಲಗೈಯನ್ನು ಅವಳ ಮುಖದ ಮುಂದೆ ಚಾಚಿದೆ. "ಈ ಕೈ ಇರೋಗಂಟ ಭಾವ ನನ್ ಶೆಡ್ಡಲ್ಲೇ ಇರ್ತಾರೆ" ಎಂದೆ.

ಅಕ್ಕ ಕೈಯನ್ನು ನೋಡಿದಳು. "ಎಷ್ಟೊಂದು ಗ್ರೀಸು" ಎಂದಳು. "ತೊಳ್ಕಂಡು ಬಾ, ಉಣ್ಣೋಕಿಕ್ತೀನಿ."