ಕೆಂಪು ಬಟ್ಟೆ ಕಟ್ಟಿದ್ದ ಬದನೆಕಾಯಿ

ನಮ್ಮ ಹಿತ್ತಲಿನಿಂದ ಒಂದು ಬದನೆಕಾಯಿ ಕಳುವಾಯಿತು.

ನಗಬೇಡಿ ಮಕ್ಕಳೇ. ‘ಒಂದು ಕಾಯಿ ತಾನೇ ಅಜ್ಜಿ, ಮಾರ್ಕೆಟ್ಟಿನಲ್ಲಿ ರಾಶಿ ಬಿದ್ದಿದೆ’ ಎನ್ನುತ್ತೀರಿ. ಇದು ಬೀಜಕ್ಕೆ ಬಿಟ್ಟಿದ್ದ ಕಾಯಿ. ನಿಮ್ಮ ತಾತನ ಅಮ್ಮ ಬೆಳೆಯುತ್ತಿದ್ದ, ಹಸಿರು ಪಟ್ಟೆಯ ಗುಂಡು ಬದನೆ. ಈ ಸಲ ಹುಳದ ಕಾಟಕ್ಕೆ ಉಳಿದದ್ದು ಒಂದೇ ಗಿಡ, ಅದರಲ್ಲಿ ಒಂದೇ ಕಾಯಿ. ಅದು ಹೋದರೆ ತಳಿಯೇ ಹೋಯಿತು.

ಬದನೆಯನ್ನು ಸಾಧು ಗಿಡ ಎಂದುಕೊಳ್ಳಬೇಡಿ. ನೇರಳೆ ಹೂವೇನೋ ತಲೆ ತಗ್ಗಿಸಿಕೊಂಡೇ ಇರುತ್ತದೆ. ತೊಟ್ಟು ಹಿಡಿದರೆ ಮುಳ್ಳು. (ಥೇಟ್ ನಿನ್ನ ಹಾಗೆ ಎನ್ನುತ್ತಿದ್ದರು ನಿಮ್ಮ ತಾತ. ಹೂವೋ ಮುಳ್ಳೋ ಎಂದು ನಾನು ಕೇಳಲಿಲ್ಲ.) ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಕಾಯಿ ಮಿರಮಿರ ಮಿಂಚುವಾಗ ಕಿತ್ತರೆ ಸಾರಿಗೆ. ಬಿಟ್ಟರೆ ಹಳದಿ ತಿರುಗಿ ಹಣ್ಣಾಗುತ್ತದೆ. ಬೀಜ ಬಲಿಯುವುದು ಆಗಲೇ. ಅದಕ್ಕೇ ಬೀಜದ ಕಾಯಿಗೆ ಗುರುತಿಗೊಂದು ಬಟ್ಟೆ ಚೂರು ಕಟ್ಟುತ್ತೇವೆ. ಕಟ್ಟಿದ್ದನ್ನು ಯಾರೂ ಮುಟ್ಟುವುದಿಲ್ಲ.

ಮುಟ್ಟಿದ್ದಾರೆ! ತಂಗಿಯ ಮನೆಗೆಂದು ನಾಗಮಂಗಲಕ್ಕೆ ಹೋಗಿ, ಮೂರು ದಿನ ಇದ್ದು ನಮ್ಮೂರು ಬೆಳಗೊಳಕ್ಕೆ ಬಂದರೆ ಗಿಡ ಬೋಳು. ನನ್ನ ಕೆಂಪು ಬಟ್ಟೆ ಪಕ್ಕದ ಮನೆ ಜಯಮ್ಮನ ಬೇಲಿಯ ಮೇಲೆ.

ಬಟ್ಟೆ ಗಾಳಿಗೂ ಹಾರಿರಬಹುದಲ್ಲ? ಆದರೆ ನನ್ನ ಅನುಮಾನಕ್ಕೆ ಬೇರೆ ಕಾರಣವಿದೆ.

ಹೋದ ವರ್ಷ ಜಯಮ್ಮ ಈ ಬೀಜ ಕೇಳಿದ್ದಳು. ಕೊಡಲು ಮನಸ್ಸಿಲ್ಲ, ಇಲ್ಲ ಎನ್ನಲು ನಾಲಿಗೆ ಬರಲಿಲ್ಲ. ಸಾರಿಗೆ ಹೆಚ್ಚಿದ ಎಳೆಗಾಯಿಯ ಬೀಜ ಒಣಗಿಸಿ, ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿ ಕೊಟ್ಟೆ.

“ಅರ್ಧ ಬೀಜ ಚೆಲ್ದೆ, ಒಂದೂ ಹುಟ್ನಿಲ್ಲ ಕಣಕ್ಕ” ಎಂದಳು.

“ಮಣ್ಣು ಸರಿಯಿಲ್ವೇನೋ” ಎಂದೆ. (ಇದನ್ನು ನಿಮ್ಮ ಅಮ್ಮನಿಗೆ ಹೇಳಬೇಡಿ.)

ಈಗ ಅವಳನ್ನು ಯಾವ ಬಾಯಲ್ಲಿ ಕೇಳಲಿ? ಎರಡು ದಿನ ಬೇಲಿಯಲ್ಲಿ ಇಣುಕಿದೆ. ಮೂರನೆಯ ದಿನ ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಹೋದೆ. ಮನೆಯಲ್ಲಿ ಮಜ್ಜಿಗೆ ತುಂಬ ಇತ್ತು.

“ಬಾರಕ್ಕ. ಎರಡು ದಿನದಿಂದ ಬೇಲೀಲಿ ಓತಿಕ್ಯಾತ ನೋಡ್ದಂಗೆ ನೋಡ್ತಾ ಇದ್ದೀಯಲ್ಲ, ಬಾಯ್ ಬುಟ್ಟು ಕೇಳಕ್ಕಾಗ್ನಿಲ್ವಾ?” ಎಂದವಳೇ ಒಂದು ಪೊಟ್ಟಣ ತಂದು ಕೈಗಿಟ್ಟಳು. “ನಿನ್ ಬದ್ನೆ ಬೀಜ. ಉಳ ತೂತು ಕೊರ್ದಿತ್ತು. ನೀ ಬರೋಗಂಟ ಬುಟ್ಟಿದ್ರೆ ಏನೂ ಉಳೀತಿರ್ನಿಲ್ಲ. ಕಿತ್ತು, ಬೂದೀಲಿ ಉಜ್ಜಿ ಒಣಗ್ಸಿವ್ನಿ.”

“ಹಣ್ಣಾಗಿತ್ತಾ ಜಯಾ?”

“ಆಗಿತ್ತು ಬುಡು. ಎಳೆಗಾಯಿ ಬೀಜ ಹುಟ್ಟಲ್ಲ ಅಂತ ನಂಗೊತ್ತಿಲ್ವಾ?” ಎಂದು ನಕ್ಕಳು.

ಮಜ್ಜಿಗೆ ಬಿಟ್ಟೇ ಬಂದೆ.

ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ಕ್ಯಾಲೆಂಡರ್ ಹಾಳೆ. ಹೋದ ವರ್ಷದ್ದು! ಹಳೆಯ ಕ್ಯಾಲೆಂಡರ್ ಯಾರ ಮನೆಯಲ್ಲಿಲ್ಲ? ಆದರೆ ಅವಳ ಹತ್ತಿರ ಇನ್ನೂ ಅರ್ಧ ಬೀಜ ಇತ್ತಲ್ಲ!

ನೀರಿಗೆ ಹಾಕಿದರೆ ಗೊತ್ತಾಗುತ್ತದೆ. ಬಲಿತ ಬೀಜ ಮುಳುಗುತ್ತದೆ, ಎಳಸು ತೇಲುತ್ತದೆ. ಬೆಳಗಿನಿಂದ ಲೋಟ ತುಂಬ ನೀರು ಮುಂದಿಟ್ಟುಕೊಂಡು ಕೂತಿದ್ದೇನೆ, ಹಾಕಲು ಕೈ ಬರುತ್ತಿಲ್ಲ.

ಇದು ನನ್ನ ಹಣ್ಣಿನ ಬೀಜವೋ, ನಾನೇ ಕೊಟ್ಟಿದ್ದ ಬೀಜವೋ?