ಅರ್ಧ ಪೊಟ್ಟಣ ಕ್ವಿನೈನ್

ಯುದ್ಧದ ಕಾಲ. ಚಳಿಜ್ವರದ ಮದ್ದು ಕ್ವಿನೈನ್ ಪೇಟೆಯಿಂದ ಮಾಯವಾಗಿತ್ತು. ಆ ವರ್ಷ ಮಳೆ ಬಿಟ್ಟ ಮೇಲೆ ಪುತ್ತಿಗೆಯ ಕಡೆ ಚಳಿಜ್ವರ ಹೊಗದ ಮನೆ ಇರಲಿಲ್ಲ. ಅಲ್ಲಿಗೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕನೂ ಹಾಸಿಗೆ ಹಿಡಿದಳು. ದಿನ ಬಿಟ್ಟು ದಿನ ಚಳಿ ಬರುತ್ತಿತ್ತು, ಆಗ ಅವಳ ಹಲ್ಲು ಕಟಕಟ ಎನ್ನುವುದು ಚಾವಡಿಯವರೆಗೆ ಕೇಳುತ್ತಿತ್ತು.

ಭಾವ ಕೈಕಟ್ಟಿ ಕೂರುವ ಜನ ಅಲ್ಲ. ಉಪ್ಪಳದಲ್ಲಿ ಯಾರನ್ನೋ ಹಿಡಿದು, ಕದ್ದುಮುಚ್ಚಿ ಮಾರುತ್ತಿದ್ದ ಕ್ವಿನೈನ್ ಹುಡಿಯ ಒಂದು ಡಬ್ಬಿ ತಂದರು. ನಾಲಗೆಯ ತುದಿಗೆ ಹಚ್ಚಿ, ಕಹಿಗೆ ಮುಖ ಕಿವುಚಿ, ಒಳ್ಳೆ ಮಾಲು ಎಂದರು. ಡಬ್ಬಿಯನ್ನು ಮನೆಯ ದೈವಕ್ಕೆಂದು ಇಟ್ಟ ಮಂಚದ ಮುಂದೆ ಇಟ್ಟು ಕೈಮುಗಿದರು. ಅಕ್ಕನಿಗೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ಒಣಗಿದ ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ, ಜ್ವರವಿದ್ದ ಒಕ್ಕಲು ಮನೆಗಳಿಗೆ ತಾವೇ ಹೋಗಿ ಕೊಟ್ಟರು. ಅವರ ಕೈ ದೊಡ್ಡದು, ಅದನ್ನು ಈಗಲೂ ಹೇಳುತ್ತೇನೆ.

ನಾನು ಆಗ ಮಂಗಳೂರಿನ ಒಂದು ಕಾಲೇಜಿನ ರಸಾಯನಶಾಲೆಯಲ್ಲಿ ಕೆಲಸಕ್ಕಿದ್ದೆ. ಅಕ್ಕನನ್ನು ನೋಡಲು ಹೋದಾಗ ಅವಳು ಹುಡಿ ನುಂಗುತ್ತಲೇ ಇದ್ದಳು, ಜ್ವರವೂ ಬರುತ್ತಲೇ ಇತ್ತು. ನನಗೆ ಸಂಶಯ ಬಂತು. ಒಂದು ಚಿಟಿಕೆಯನ್ನು ಕಾಗದದಲ್ಲಿ ಮಡಚಿಕೊಂಡು ಕುಂಬಳೆಯಲ್ಲಿ ರೈಲು ಹತ್ತಿದೆ.

ನಮ್ಮ ಕಪಾಟಿನಲ್ಲಿ ಪಾಠಕ್ಕೆಂದು ಇಟ್ಟ ಅಸಲಿ ಕ್ವಿನೈನ್ ಶೀಶೆಯ ತಳದಲ್ಲಿ ಒಂದು ಚಿಟಿಕೆಯಷ್ಟು ಉಳಿದಿತ್ತು. ಎರಡು ಗಾಜಿನ ನಳಿಗೆಗಳಲ್ಲಿ ನೀರು ಬೆರೆಸಿದ ಗಂಧಕಾಮ್ಲ ಹಾಕಿ, ಒಂದಕ್ಕೆ ಅದನ್ನು, ಇನ್ನೊಂದಕ್ಕೆ ಭಾವನ ಹುಡಿಯನ್ನು ಉದುರಿಸಿ ಕಿಟಕಿಯ ಬಿಸಿಲಿಗೆ ಹಿಡಿದೆ. ಅಸಲಿಯದು ಕರಗಿ ತಿಳಿನೀಲಿಯಾಗಿ ಹೊಳೆಯಿತು. ಭಾವನ ಹುಡಿ ಗಂಜಿಯ ತೆಳಿಯಂತೆ ಬಗ್ಗಡವಾಗಿ ನಿಂತಿತು. ಇನ್ನೊಂದಿಷ್ಟು ಹುಡಿಯ ಮೇಲೆ ಅಯೋಡಿನ್ ಬಿಟ್ಟೆ, ಹಿಟ್ಟಿಗೆ ಬರುವ ಕಡುನೀಲಿ ಬಂತು. ಬರೀ ಹಿಟ್ಟು. ನಮ್ಮ ಕಡೆ ಕೂಸಿಗೆ ಕಾಯಿಸಿ ಕುಡಿಸುವ ಕೂವೆಹುಡಿಯೇ ಇರಬೇಕು. ಮಾರಿದವನು ಕಹಿಗೆ ಏನು ಬೆರೆಸಿದ್ದನೋ ಪತ್ತೆಯಾಗಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದರೂ ನೀಲಿ ಹೊಳಪಿನ ಸುಳಿವಿಲ್ಲ. ಆ ಕಳ್ಳನಿಗೆ ನಮ್ಮ ಜನ ಕ್ವಿನೈನನ್ನು ಹೇಗೆ ಪರೀಕ್ಷೆ ಮಾಡುತ್ತಾರೆಂದು ಚೆನ್ನಾಗಿ ಗೊತ್ತಿತ್ತು. ನಾಲಗೆಗೆ ಬೇಕಾದದ್ದನ್ನು ಮಾತ್ರ ಹಾಕಿದ್ದ.

ಪರಿಚಯದ ಒಬ್ಬ ಡಾಕ್ಟರರಲ್ಲಿ ಬೇಡಿದೆ, ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವರು ಒಬ್ಬರಿಗಾಗುವಷ್ಟು ಅಸಲಿ ಕ್ವಿನೈನ್ ಮಾತ್ರೆ ಕೊಟ್ಟರು. ‘ಹಂಚಬೇಡಿ, ಅರ್ಧರ್ಧ ಕೊಟ್ಟರೆ ಇಬ್ಬರಿಗೂ ಗುಣ ಆಗುವುದಿಲ್ಲ. ಇನ್ನು ನನ್ನಲ್ಲಿ ಇಲ್ಲ’ ಎಂದು ಖಾಲಿ ಶೀಶೆ ತೋರಿಸಿದರು.

ಪುತ್ತಿಗೆಗೆ ಹೋಗಿ ಅಕ್ಕನಿಗೆ ಮಾತ್ರೆ ಕೊಟ್ಟು, ಹುಡಿ ನಕಲಿ, ಹಂಚಿದ್ದನ್ನು ವಾಪಸು ತರಬೇಕು ಎಂದು ಭಾವನಿಗೆ ಹೇಳಿದೆ. ‘ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ ಮಾರಾಯ?’ ಎಂದರು. ಆದರೂ ಹೊರಟರು, ನಾನೂ ಹೋದೆ. ಕೆಲವರು ಹುಡಿ ಮುಗಿಸಿಯಾಗಿತ್ತು. ಕೆಲವರು ಮುಖ ಗಂಟುಹಾಕಿಕೊಂಡು ತಂದುಕೊಟ್ಟರು. ಗುಡ್ಡದ ಬುಡದ ಮನೆಯಲ್ಲಿ ಮಾತ್ರ ನಮ್ಮ ಮಾತು ನಡೆಯಲಿಲ್ಲ. ಅಲ್ಲಿಯ ಹೆಂಗಸಿಗೆ ಇದ್ದದ್ದು ಒಂದೇ ಹೆಣ್ಣುಮಗು. ಅದು ಮೂಲೆಯಲ್ಲಿ ಕಣ್ಣು ಅರ್ಧ ಮುಚ್ಚಿ ಮಲಗಿತ್ತು.

‘ಅದು ಮದ್ದಲ್ಲ, ಕೂವೆಹುಡಿ. ನಾನೇ ನೋಡಿದ್ದೇನೆ’ ಎಂದೆ.

‘ಮದ್ದಲ್ಲದೆ ಇಷ್ಟು ಕಹಿ ಹೇಗೆ ಉಂಟು?’ ಎಂದಳು. ಆಮೇಲೆ ಭಾವನ ಕಡೆ ತಿರುಗಿ, ‘ದೈವದ ಎದುರು ಇಟ್ಟು ಕೊಟ್ಟದ್ದಲ್ವಾ ಧನಿ? ಅದು ಸುಳ್ಳಾಗ್ತದಾ?’ ಎಂದು ಕೇಳಿದಳು. ಭಾವ ಅಂಗಳದ ಕಡೆ ಮುಖ ತಿರುಗಿಸಿದರು. ಅಕ್ಕನಿಗೆ ಬೇಕಾಗಿ ಸುಳ್ಳು ಹೇಳುತ್ತಿದ್ದೇವೆಂದು ಅವಳು ತಿಳಿದುಕೊಂಡಳು. ‘ಅಮ್ಮನಿಗೆ ಜ್ವರ ಜೋರುಂಟಂತೆ, ಕೇಳಿದೆ. ಅವರಿಗೆ ಬೇಕೂಂತ ನೇರ ಹೇಳ್ಬಹುದಿತ್ತು’ ಎಂದು ಒಳಗೆ ಹೋಗಿ, ಪೊಟ್ಟಣ ಬಿಚ್ಚಿ, ಬೆರಳಿನಿಂದ ಸರಿಯಾಗಿ ಎರಡು ಪಾಲು ಮಾಡಿ, ಒಂದನ್ನು ಭಾವನ ಕೈಗಿಟ್ಟಳು. ಅದು ಮದ್ದಲ್ಲವೆಂದು ನಾನು ಮತ್ತೆ ಹೇಳಿದೆ. ಅವಳು ಕೇಳುವ ಹಾಗಿರಲಿಲ್ಲ.

ಮಗುವಿಗೆಂದು ನಾನು ಮರುದಿನ ಮತ್ತೆ ಮಂಗಳೂರಿಗೆ ಹೋಗಿ ಸಿಕ್ಕಿದ ಡಾಕ್ಟರರ ಬಾಗಿಲೆಲ್ಲ ತಟ್ಟಿದೆ. ಎಲ್ಲಿಯೂ ಇರಲಿಲ್ಲ. ಬರಿಗೈಯಲ್ಲಿ ಬರುವಷ್ಟರಲ್ಲಿ ಮಗುವನ್ನು ಮಣ್ಣುಮಾಡಿಯಾಗಿತ್ತು.

ಅಕ್ಕನ ಜ್ವರ ಡಾಕ್ಟರರ ಮಾತ್ರೆಗೆ ಬಿಟ್ಟಿತು. ಅವಳು ಎದ್ದು ಜಗಲಿಯಲ್ಲಿ ಕೂರುವಂತಾದಾಗ ಆ ಹೆಂಗಸು ನೋಡಲು ಬಂದಳು. ಅಂಗಳದಲ್ಲೇ ಕುಕ್ಕುರುಗಾಲಲ್ಲಿ ಕೂತು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

‘ನನ್ನ ಮಗುವಿಗೆ ಅರ್ಧ ಸಾಕಾಗ್ಲಿಲ್ಲ ಅಮ್ಮ. ನಿಮಗಾದರೂ ಹಿಡೀತಲ್ಲ’ ಎಂದಳು.

ಅವಳು ಕೊಟ್ಟ ಪಾಲನ್ನು ಭಾವ ಅವತ್ತೇ ತೆಂಗಿನ ಬುಡದಲ್ಲಿ ಹೂತಿದ್ದರು. ಅಕ್ಕನಿಗೆ ಅದು ಗೊತ್ತಿತ್ತು. ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಅಂಗಳಕ್ಕೆ ಇಳಿದು ಆ ಹೆಂಗಸಿನ ಕೈ ಹಿಡಿದು, ‘ಹೌದು, ನಿನ್ನ ಮದ್ದಿನಿಂದಲೇ ನಾನು ಬದುಕಿದ್ದು’ ಎಂದಳು.