ಬಲ್ಬಕ್ಕನ ಸಹಿ

ವಾಹನಗಳ ವಿದ್ಯುತ್ ದುರಸ್ತಿ ಎಂಬ ಈ ವೃತ್ತಿಯಲ್ಲಿ ಬಿಡಿಭಾಗವನ್ನು ಬದಲಾಯಿಸಿ ಕೈತೊಳೆದುಕೊಳ್ಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ಭಾಗ ನಿಜವಾಗಿಯೂ ಕೆಟ್ಟಿದೆಯೇ ಎಂದು ಮೊದಲು ಕೇಳುವವರು ಬೆರಳೆಣಿಕೆಯಷ್ಟು. ಮೂವತ್ತಾರು ವರ್ಷಗಳ ಸೇವೆಯನ್ನು ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ವರ್ಕ್‌ಶಾಪಿನ ವಿದ್ಯುತ್ ವಿಭಾಗದ ಹಿರಿಯ ತಂತ್ರಜ್ಞೆ, ಎಲ್ಲರ ಬಾಯಲ್ಲೂ ‘ಬಲ್ಬಕ್ಕ’ ಎಂದೇ ಹೆಸರಾದ ಮಾನ್ಯರು ಆ ಬೆರಳೆಣಿಕೆಯವರಲ್ಲಿ ಮೊದಲಿಗರು. ಅವರನ್ನು ಕುರಿತು ಬರೆಯುವ ಗೌರವ ಶಿಷ್ಯರಲ್ಲಿ ಹಿರಿಯನಾದ ಈ ಲೇಖಕನ ಪಾಲಿಗೆ ಬಂದಿದೆ. ಬೀಳ್ಕೊಡುಗೆಯ ಸ್ಮರಣ ಸಂಚಿಕೆಯ ಸಮಿತಿಯವರು ಕೇಳಿದಾಗ ಅವನು ಮೂರು ಸಲ ಏನೇನೋ ನೆಪ ಹೇಳಿ ತಪ್ಪಿಸಿಕೊಂಡ. ಅಕ್ಕನ ಬಗ್ಗೆ ಪ್ರಾಮಾಣಿಕವಾಗಿ ಬರೆಯಲು ಕೂತರೆ, ತಾನು ಅವರಿಗೆ ಮಾಡಿದ ಒಂದು ಅನ್ಯಾಯವನ್ನೂ ಬರೆಯಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಈ ಲೇಖಕ ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತಾರು ವರ್ಷ, ಕೈಯಲ್ಲಿ ಡಿಪ್ಲೊಮಾ, ತಲೆಯಲ್ಲಿ ಅದಕ್ಕಿಂತ ದೊಡ್ಡ ಗರ್ವ. ಮೊದಲ ವಾರವೇ ಕಾದ ಸೈಲೆನ್ಸರ್ ಪೈಪಿಗೆ ಅಂಗೈ ತಾಗಿಸಿಕೊಂಡ. ಬಲ್ಬಕ್ಕ ಅವನ ಕೈಯನ್ನು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿದು ನಿಂತರು. ಅಷ್ಟೂ ಹೊತ್ತು ಬೈದರು. “ಓದಿದೋನು ಅಂತೀಯ, ಬಿಸಿ ಯಾವುದು ತಣ್ಣಗೆ ಯಾವುದು ಅಂತ ಗೊತ್ತಾಗಲ್ವೇನೋ?” ಎಂದು ಕೇಳಿ, ತಮ್ಮ ಊಟದ ಡಬ್ಬಿಯನ್ನು ಅವನ ಮುಂದೆ ಇಟ್ಟು, ತಾವು ಬರೀ ಟೀ ಕುಡಿದರು. ಅವನ ಹೆಂಡತಿ ಹೆರಿಗೆಗೆಂದು ಆಸ್ಪತ್ರೆ ಸೇರಿದಾಗ ನಾಲ್ಕು ದಿನ ಅವನ ಪಾಲಿನ ಗಾಡಿಗಳನ್ನೂ ತಾವೇ ನೋಡಿಕೊಂಡರು. ಇಂಥವನ್ನು ಅವರು ಉಪಕಾರವೆಂದು ಎಣಿಸಿದವರೇ ಅಲ್ಲ.

ಅವರಿಗೆ ಆ ಅಡ್ಡಹೆಸರು ಬಂದದ್ದು ಅವರ ಜೇಬಿನಲ್ಲಿ ಸದಾ ಇರುತ್ತಿದ್ದ ಇಂಡಿಕೇಟರ್ ಬಲ್ಬಿನಿಂದ. ಅದಕ್ಕೆ ಎರಡು ವೈರುಗಳನ್ನು ಬೆಸೆದಿದ್ದರು. ಮೀಟರ್ ಎಷ್ಟೇ ವೋಲ್ಟ್ ತೋರಿಸಲಿ, ಬಲ್ಬು ಉರಿಯದೆ ಅವರು ಯಾವ ವೈರನ್ನೂ ನಂಬುತ್ತಿರಲಿಲ್ಲ. “ಒಂದೇ ಒಂದು ಎಳೆ ಉಳಿದಿದ್ರೂ ಮೀಟರು ಹನ್ನೆರಡು ತೋರಿಸುತ್ತೆ. ಅದಕ್ಕೇನು, ನೋಡೋ ಕೆಲಸ ಅಷ್ಟೇ. ಕರೆಂಟು ಹೊರೋ ಕೆಲಸ ಕೊಟ್ಟು ನೋಡು, ಬಂಡವಾಳ ಗೊತ್ತಾಗುತ್ತೆ,” ಎನ್ನುತ್ತಿದ್ದರು. ಬಲ್ಬು ಉರಿದ ಮೇಲೆಯೇ ಕೆಲಸದ ಚೀಟಿಯಲ್ಲಿ ‘ವೈರಿಂಗ್ ಸರಿ ಇದೆ’ ಎಂಬ ಸಾಲಿನ ಮುಂದೆ ಸಹಿ ಬೀಳುತ್ತಿತ್ತು. ಆ ಸಹಿ ಹಾಕುವ ಅಧಿಕಾರ ವಿಭಾಗದಲ್ಲಿ ಅವರೊಬ್ಬರಿಗೇ ಇತ್ತು. ಅವರ ಸಹಿಯೂ ಅವರಂತೆಯೇ ಸರಳ: ಒಂದು ಸೊನ್ನೆ, ಅದರೊಳಗೊಂದು ಕತ್ತರಿ ಗುರುತು. ವಿದ್ಯುತ್ ನಕ್ಷೆಗಳಲ್ಲಿ ಬಲ್ಬನ್ನು ಬರೆಯುವುದೂ ಹಾಗೆಯೇ.

ಹದಿನಾಲ್ಕು ವರ್ಷಗಳ ಹಿಂದೆ ಒಂದು ಬೂದು ಬಣ್ಣದ ಕಾರು ಎಂಜಿನ್ನಿನ ಎಚ್ಚರಿಕೆ ದೀಪ ಹತ್ತಿಸಿಕೊಂಡು ಬಂತು. ಒಡತಿ ಒಬ್ಬ ಶಾಲಾ ಶಿಕ್ಷಕಿ. ವಾರಕ್ಕೆ ಮೂರು ದಿನ ತಾಯಿಯನ್ನು ಅದರಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕೀಟಿನಲ್ಲಿ ದೋಷವಿದೆ ಎಂದು ಸ್ಕ್ಯಾನರ್ ಹೇಳಿತು. ಸೈಲೆನ್ಸರ್ ಪೈಪಿನೊಳಗೆ ಕೂತು ಹೊಗೆಯ ವಾಸನೆ ಹಿಡಿಯುವ ಆ ಸೆನ್ಸರ್ ಬಿಸಿಯಾಗದೆ ಕೆಲಸ ಮಾಡದು; ಬೇಗ ಬಿಸಿಯಾಗಲೆಂದು ಅದರೊಳಗೆ ಪುಟ್ಟದೊಂದು ಹೀಟರ್ ಇರುತ್ತದೆ. ಕೆಟ್ಟದ್ದು ಆ ಹೀಟರೋ, ಫ್ಯೂಸೋ, ಅಲ್ಲಿಗೆ ಹೋಗುವ ವೈರೋ ಎಂಬುದನ್ನು ಸ್ಕ್ಯಾನರ್ ಹೇಳುವುದಿಲ್ಲ. ಈ ಲೇಖಕ ಕೇಳಲೂ ಇಲ್ಲ. ಫ್ಯೂಸ್ ನೋಡಿದ, ಹೊಸ ಸೆನ್ಸರ್ ಹಾಕಿದ, ಸ್ಕ್ಯಾನರಿನಿಂದ ದೋಷದ ಸಂಕೇತವನ್ನು ಅಳಿಸಿದ, ಗಾಡಿ ಕಳಿಸಿದ.

ಐದನೆಯ ದಿನ ಕಾರು ಮರಳಿ ಬಂತು. ಅಂದು ಬಲ್ಬಕ್ಕ ರಜೆಯಲ್ಲಿದ್ದರು. ಅವನು ಸೆನ್ಸರಿನ ಪ್ಲಗ್ ಬಿಚ್ಚಿ ಕೀ ತಿರುಗಿಸಿ ಮೀಟರ್ ಹಿಡಿದ. ಹನ್ನೆರಡೂವರೆ ವೋಲ್ಟ್. ಬಲ್ಬು ಹಚ್ಚಿ ನೋಡಬೇಕೆಂಬುದು ತಲೆಗೆ ಬಾರದೆ ಇರಲಿಲ್ಲ. ಆದರೆ ಗಾಡಿ ಎತ್ತುವ ಲಿಫ್ಟಿಗಾಗಿ ಹೊರಗೆ ಆರು ಗಾಡಿಗಳು ಕಾಯುತ್ತಿದ್ದವು, ಜೊತೆಗೆ ತಾನು ಮೊದಲು ತೆಗೆದುಹಾಕಿದ ಹಳೆಯ ಸೆನ್ಸರ್ ಚೆನ್ನಾಗಿಯೇ ಇತ್ತೆಂದು ಸಾಬೀತಾದೀತೆಂಬ ಅಳುಕು ಬೇರೆ. ಹೊಸ ಸೆನ್ಸರೇ ಕಳಪೆಯಿರಬೇಕೆಂದು ತೀರ್ಮಾನಿಸಿ ಇನ್ನೊಂದನ್ನು ಹಾಕಿದ. ಅದೇ ದೋಷಕ್ಕೆ ಮರಳಿ ಬಂದ ಗಾಡಿ ವೈರಿಂಗಿನ ಸಹಿಯಿಲ್ಲದೆ ಗೇಟು ದಾಟುವಂತಿರಲಿಲ್ಲ. ಚೀಟಿಯ ಮೇಲೆ ಒಂದು ಸೊನ್ನೆ ಬರೆದು, ಒಳಗೆ ಎರಡು ಗೆರೆ ಎಳೆದ.

ಎರಡು ವಾರಗಳ ಬಳಿಕ ಶಿಕ್ಷಕಿಯ ಪತ್ರ ಬಂತು. ಹೊಗೆ ತಪಾಸಣೆಯಲ್ಲಿ ಕಾರು ನಪಾಸಾಗಿತ್ತು, ಓಡಿಸುವಂತಿರಲಿಲ್ಲ. ತಾಯಿಯನ್ನು ಕರೆದುಕೊಂಡು ಅವರು ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಹೋಗುತ್ತಿದ್ದರು. ಬೇರೊಂದು ಗ್ಯಾರೇಜಿನವರು ಹೀಟರಿನ ವೈರು ತಗಡಿನ ಅಂಚಿಗೆ ಉಜ್ಜಿ, ಸವೆದು, ಒಂದೆರಡು ಎಳೆ ಮಾತ್ರ ಉಳಿದಿದ್ದನ್ನು ಪತ್ತೆ ಮಾಡಿದ್ದರು. ಅದರ ಫೋಟೊ, ಜೊತೆಗೆ ನಮ್ಮ ಚೀಟಿಯ ಪ್ರತಿ, ಎರಡೂ ಪತ್ರದೊಡನೆ ಇದ್ದವು.

ಮ್ಯಾನೇಜರ್ ಎಲ್ಲರನ್ನೂ ಕರೆಸಿದರು. ಆ ತಿಂಗಳು ತರಬೇತಿ ಕೇಂದ್ರಕ್ಕೆ ಮುಖ್ಯಸ್ಥರನ್ನು ಆರಿಸುವುದಿತ್ತು, ಬಲ್ಬಕ್ಕನ ಹೆಸರೇ ಮೊದಲಿತ್ತು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ಮೇಡಂ, ಇದು ನಿಮ್ಮ ಸಹಿನಾ?”

ಅವರು ಕನ್ನಡಕ ಏರಿಸಿ ಚೀಟಿಯನ್ನು ನೋಡಿದರು. ದಿನಾಂಕ ನೋಡಿದರು. ಆಮೇಲೆ ತಲೆಯೆತ್ತಿ ಈ ಲೇಖಕನನ್ನು ನೋಡಿದರು. ಅವನಿಗೆ ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತೇ ಹೊರತು ಬಾಯಿ ಬಿಡೋಣ ಎನಿಸಲಿಲ್ಲ.

“ಹೌದು ಸಾರ್, ನಂದೇ,” ಎಂದರು ಬಲ್ಬಕ್ಕ.

ರಜೆಯ ದಿನ ಹಾಕಿದ ಸಹಿ ಅದು. ಹಾಜರಿ ಪುಸ್ತಕ ತೆರೆದು ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಹುದ್ದೆ ಹೊರಗಿನವರೊಬ್ಬರಿಗೆ ಹೋಯಿತು. ಮೂರು ವರ್ಷಗಳಲ್ಲಿ ಅವರು ಬಿಟ್ಟು ಹೋದಾಗ, ಹೇಳಲು ನಾಚಿಕೆಯಾಗುತ್ತದೆ, ಅದು ಈ ಲೇಖಕನಿಗೇ ಬಂತು. ಬಲ್ಬಕ್ಕ ಎಲ್ಲರಿಗಿಂತ ಮೊದಲು ಬಂದು ಕೈ ಕುಲುಕಿದರು. ಅಂದಿನಿಂದ ಹನ್ನೊಂದು ವರ್ಷ ಅವನು ನೂರಾರು ಮಂದಿಗೆ ಬಲ್ಬು ಹಚ್ಚಿ ವೈರು ಪರೀಕ್ಷಿಸುವುದನ್ನು ಕಲಿಸಿದ್ದಾನೆ, ಚಪ್ಪಾಳೆ ಗಿಟ್ಟಿಸಿದ್ದಾನೆ, ಪಾಠ ಮುಗಿಸಿ ಕಿಟಕಿಯಾಚೆ ನೋಡಿದರೆ ಅಕ್ಕ ಲಿಫ್ಟಿನ ಕೆಳಗೆ ಕತ್ತು ಹಿಂದಕ್ಕೆ ಬಾಗಿಸಿ ದುಡಿಯುತ್ತಿರುವುದನ್ನು ಕಂಡು ಪರದೆ ಎಳೆದಿದ್ದಾನೆ. ತನ್ನ ಮೇಲಿನ ಮಮತೆಯಿಂದ ಅವರು ತಪ್ಪನ್ನು ಹೊತ್ತುಕೊಂಡರು, ದೊಡ್ಡ ಮನಸ್ಸು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಾನೆ. ಅವರನ್ನು ದೊಡ್ಡವರನ್ನಾಗಿ ಮಾಡಿದಷ್ಟೂ ಅವನ ಭಾರ ಇಳಿಯುತ್ತಿತ್ತು.

ಇಲ್ಲಿಯವರೆಗಿನದನ್ನು ಬರೆದು ಮುಗಿಸಿ, ಅಚ್ಚಿಗೆ ಕೊಡುವ ಮುನ್ನ ಕಳೆದ ಭಾನುವಾರ ಅವನು ಅವರ ಮನೆಗೆ ಹೋದ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದಿದ. ಅಕ್ಕ ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡರು. ‘ಮಮತೆಯಿಂದ’ ಎಂಬಲ್ಲಿಗೆ ಬಂದಾಗ ಚಾಕು ನಿಂತಿತು.

“ಅದು ತಪ್ಪು. ಹೊಡೆದು ಹಾಕು.”

“ಮತ್ಯಾಕಕ್ಕ ಹೌದು ಅಂದ್ರಿ?”

“ಎಲ್ಲರ ಮುಂದೆ ನಿನ್ನ ಮರ್ಯಾದೆ ತೆಗೆಯೋದು ಬೇಡ, ನಾಳೆ ಇವನೇ ಹೋಗಿ ಹೇಳ್ತಾನೆ ಅಂದ್ಕೊಂಡೆ. ಒಂದು ದಿನದ ಮಟ್ಟಿಗೆ ಹೌದು ಅಂದಿದ್ದು ಕಣೋ. ಮಾರನೇ ದಿನ ಬೆಳಗ್ಗೆ ಬೇಗ ಬಂದು ಮ್ಯಾನೇಜರ್ ಬಾಗಿಲು ನೋಡ್ತಾ ಕೂತಿದ್ದೆ. ಅದರ ಮಾರನೇ ದಿನಾನೂ.”

ಮತ್ತೆ ತರಕಾರಿ ಹೆಚ್ಚತೊಡಗಿ ಅವರೇ ಹೇಳಿದರು: “ಆ ಕೆಲಸ ನಂಗೆ ಬೇಕಿತ್ತು. ತುಂಬಾ ಬೇಕಿತ್ತು.”

ಅವನ ಕಣ್ಣು ತುಂಬಿ ಬಂತು. ಕ್ಷಮಿಸಿ ಎನ್ನಲು ಹೋದ. ಅವರು ಬೇಡವೆಂದು ಕೈ ಅಡ್ಡ ಮಾಡಿದರು, ಕ್ಷಮಿಸಿದೆ ಎನ್ನಲಿಲ್ಲ. ಹಾಳೆಗಳನ್ನು ತೆಗೆದುಕೊಂಡು ತಿರುವಿ ಹಾಕಿ, ಕನ್ನಡಕದ ಮೇಲಿಂದ ಅವನನ್ನು ನೋಡಿದರು.

“ಅಲ್ಲಯ್ಯ, ಉದ್ದಕ್ಕೂ ‘ಈ ಲೇಖಕ, ಈ ಲೇಖಕ’ ಅಂತ ಬರೆದಿದ್ದೀಯಲ್ಲ, ಯಾರು ಅವನು? ನಮ್ಮ ವರ್ಕ್‌ಶಾಪಲ್ಲಿ ಅಂಥೋನು ಯಾರೂ ಇದ್ದ ನೆನಪಿಲ್ಲ ನಂಗೆ.”

ಮಾನ್ಯರ ಬದುಕು ದೀರ್ಘವಾಗಲಿ, ನೆಮ್ಮದಿಯದಾಗಲಿ. ದುಡಿದ ಕತ್ತಿಗೆ, ಕೈಗಳಿಗೆ ವಿಶ್ರಾಂತಿ ಸಿಗಲಿ. ತರಬೇತಿ ಕೇಂದ್ರದಲ್ಲಿ ಅವರು ಬಯಸಿದಾಗಲೆಲ್ಲ, ಬಯಸಿದಷ್ಟು ದಿನ, ಅವರ ಪಾಠ ನಡೆಯಲಿ ಎಂದು ಶಿಷ್ಯವರ್ಗವೆಲ್ಲ ಹಾರೈಸುತ್ತದೆ. ಬೂದು ಕಾರಿನ ಆ ಚೀಟಿಯ ಮೇಲೆ ಸಹಿ ಹಾಕಿದವನು ನಾನು. ಮರುದಿನ ಬೆಳಗ್ಗೆ ಮ್ಯಾನೇಜರರ ಬಾಗಿಲಿಗೆ ಬಾರದೆ ಹೋದವನೂ ನಾನೇ.